ಗಿರಣಿಯ ತುಟಿಮಾತು

"ಸಾಕು. ಇದನ್ನ ತೆಗೆಸಿಬಿಡು," ಎಂದ ಗಂಡ.

ದನಿ ಹೊರಡಲಿಲ್ಲ. ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟ ಮೇಲೆ ಅವನ ದನಿ ಹೋಗಿತ್ತು. ಹಾಸಿಗೆಯ ಪಕ್ಕದ ಯಂತ್ರವೇ ಅವನ ಪರವಾಗಿ ಉಸಿರಾಡುತ್ತಿತ್ತು. ಬರೆದು ತೋರಿಸಲೆಂದು ನರ್ಸ್ ಕೊಟ್ಟ ಹಲಗೆಯ ಮೇಲೆ ನಡುಗುವ ಕೈ ಸಿಕ್ಕುಬಿದ್ದ ನೂಲಿನಂತೆ ಏನೋ ಗೀಚಿ ಸುಮ್ಮನಾಗಿತ್ತು. ಈಗ ಅಲುಗಿದ್ದು ಬರೀ ತುಟಿಗಳು. ಹೆಂಡತಿಗೆ ಅಷ್ಟೇ ಸಾಕಿತ್ತು.

"ಏನಂತಾರಮ್ಮ ಅಪ್ಪ?" ಮಗಳು ಬೆನ್ನ ಹಿಂದಿನಿಂದ ಕೇಳಿದಳು.

ಆಕೆ ಹಿಂದಕ್ಕೆ ತಿರುಗಿ, "ದಿಂಬು ಸರಿ ಮಾಡು ಅಂತಿದ್ದಾರೆ," ಎಂದಳು. ಆಮೇಲೆ, ಹೇಳಿದ ತಪ್ಪಿಗೆ, ದಿಂಬನ್ನೂ ಸರಿ ಮಾಡಿದಳು.

ಗಂಡ ಹೆಂಡತಿ ಇಬ್ಬರೂ ನೂಲಿನ ಗಿರಣಿಯವರು. ಅಲ್ಲಿ ಯಂತ್ರಗಳ ಗದ್ದಲದಲ್ಲಿ ಪಕ್ಕದವರು ಕೂಗಿದರೂ ಕೇಳುತ್ತಿರಲಿಲ್ಲ. ಹಾಗಾಗಿ ಎಲ್ಲರೂ ತುಟಿ ನೋಡಿಯೇ ಮಾತಾಡುವುದನ್ನು ಕಲಿತಿದ್ದರು. ಬೈಗುಳ, ಅಡುಗೆ, ಅತ್ತೆ ಸೊಸೆಯರ ಜಗಳ, ಎಲ್ಲವೂ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಸದ್ದಿಲ್ಲದೆ ಓಡಾಡುತ್ತಿದ್ದವು. ಆಕೆ ಕಡಿದ ಎಳೆ ಜೋಡಿಸುವವಳು, ಅವನು ಯಂತ್ರಗಳಿಗೆ ಎಣ್ಣೆ ಬಿಡುವವನು. ಅವನನ್ನು ಎಲ್ಲರೂ ಎಣ್ಣೆರಾಯ ಅನ್ನುತ್ತಿದ್ದರು. ಕುಡುಕನಿರಬೇಕೆಂದು ತಿಳಿದ ಆಕೆಯ ಅಪ್ಪನನ್ನು ಮದುವೆಗೆ ಒಪ್ಪಿಸುವಷ್ಟರಲ್ಲಿ ಸಾಕುಸಾಕಾಗಿತ್ತು. ಮದುವೆಯಾದ ಮೇಲೆ ಬಾಯಿಬಿಟ್ಟು ಮಾತಾಡುವಾಗ ಆಕೆ ಅವನಿಗೆ 'ನೀವು' ಎಂದಳು. ತುಟಿಮಾತಿನಲ್ಲಿ ಮಾತ್ರ ಗಿರಣಿಯ ಹಳೇ 'ನೀನು' ಹಾಗೇ ಉಳಿಯಿತು.

ಗಿರಣಿ ಅವನ ಕಿವಿಯನ್ನು ಮೊದಲು ತಿಂದಿತು. ಬಾಗಿಲು ಮುಚ್ಚಿದ ಮೇಲೂ ಅಲ್ಲಿನ ಹತ್ತಿಯ ಧೂಳು ಅವನ ಎದೆಯೊಳಗೆ ಕೂತು ತನ್ನ ಕೆಲಸ ಮಾಡುತ್ತಲೇ ಇತ್ತು. ಮನೆ ಸೇರಿದ ಮೇಲೆ ಇಬ್ಬರಿಗೂ ಉಳಿದ ಖುಷಿಯೆಂದರೆ ಮಗಳು ಕೊಡಿಸಿದ ಫೋನು. ಯಾರದೋ ಮದುವೆಯ ವಿಡಿಯೋ ಹಾಕಿ, ದನಿ ಪೂರ್ತಿ ಆರಿಸಿ, ಮದುಮಕ್ಕಳನ್ನು ಬಿಟ್ಟು ಹಿಂದೆ ನಿಂತವರ ತುಟಿ ನೋಡುವುದು ಅವರ ಆಟ. "ಉಂಗುರ ನಕಲಿ ಇರ್ಬೇಕು ಕಣೇ" ಅನ್ನುವ ಅತ್ತಿಗೆಯರು, "ಊಟ ಯಾವಾಗಂತೆ?" ಅನ್ನುವ ದೊಡ್ಡಪ್ಪಂದಿರು. ಒಬ್ಬ ಮಾವ ಹಲ್ಲು ಕಿರಿದು ಫೋಟೋಕ್ಕೆ ನಿಂತು, "ಬೂಟು ಕಚ್ತಿದೆ, ಬೇಗ ತೆಗೀಯೋ ಕತ್ತೆ," ಎಂದದ್ದನ್ನು ಕಂಡು ಇವನು ಕೆಮ್ಮು ಹತ್ತುವವರೆಗೆ ನಕ್ಕಿದ್ದ.

ಈಗ ಆಕೆ ಮಾಸ್ಕನ್ನು ಗಲ್ಲದ ಕೆಳಗೆ ಎಳೆದುಕೊಂಡು, ಅವನ ಮೇಲೆ ಬಗ್ಗಿ, ತುಟಿಯಲ್ಲೇ ಗದರಿದಳು. "ತಲೆ ಕೆಟ್ಟಿದ್ಯಾ ನಿಂಗೆ? ಸುಮ್ನೆ ಬಿದ್ಕೊ."

"ಬಿದ್ಕೊಂಡೇ ಇದ್ದೀನಲ್ಲ."

"ಇನ್ನೊಂದು ವಾರ ನೋಡೋಣ."

"ಹೋದ ವಾರನೂ ಇದೇ ಅಂದೆ. ನಂಗಾಗಲ್ಲ ಕಣೇ. ಡಾಕ್ಟರಿಗೆ ಹೇಳು. ನೀನು ಹೇಳ್ದಿದ್ರೆ ಇನ್ಯಾರು ಹೇಳ್ತಾರೆ?"

"ಆಮೇಲೆ ನಾನೇನು ಮಾಡ್ಲಿ?"



"ಈ ವಯಸ್ಸಲ್ಲೂ ನಿಮ್ಮ ಗುಸುಗುಸು ಮುಗಿಯಲ್ಲ," ಎಂದು ಮಗಳು ಅತ್ತು ಊದಿದ ಕಣ್ಣಲ್ಲೇ ನಕ್ಕಳು. "ನಂಗೂ ಸ್ವಲ್ಪ ಹೇಳ್ಬಾರ್ದಾ?"

ಅಷ್ಟರಲ್ಲಿ ಡಾಕ್ಟರಮ್ಮ ಬಂದು ಹಾಸಿಗೆಯ ಆಚೆ ಬದಿಗೆ ನಿಂತರು. ಸುತ್ತಿಬಳಸಿ ಮಾತಾಡುವ ಹೆಂಗಸಲ್ಲ.

"ನೋಡಿಮ್ಮ, ಅವರ ಎದೆ ಇನ್ನು ತಾನಾಗಿ ಉಸಿರಾಡೋ ಲಕ್ಷಣ ಇಲ್ಲ. ಹೀಗೇ ಮಿಷನ್ ಮೇಲೆ ಇಟ್ಕೋಬಹುದು, ಎಷ್ಟು ದಿನ ಅಂತ ನಾನು ಹೇಳಲಾರೆ. ಅವರಿಗೆ ಎಚ್ಚರ ಇದೆ, ಬುದ್ಧಿ ಚೆನ್ನಾಗಿದೆ. ಅವರಿಗೇನು ಬೇಕೋ ಅದು ನಂಗೆ ಮುಖ್ಯ. ನಾನೇ ಕೇಳಿದೆ. ತಲೆ ಅಲ್ಲಾಡಿಸಿದ್ರು, ಹೌದು ಅಂತಲೋ ಬೇಡ ಅಂತಲೋ ಗೊತ್ತಾಗ್ಲಿಲ್ಲ. ನಿಮಗೆ ಅವರ ಮಾತು ತಿಳಿಯುತ್ತಂತಲ್ಲ. ಏನಂದ್ರು?"

ಆಕೆ ಡಾಕ್ಟರಮ್ಮನ ಮುಖವನ್ನೇ ನೋಡಿದಳು. "ಇನ್ನೂ ತಡ್ಕೋತೀನಿ ಅಂದ್ರು. ಮೊಮ್ಮಗಳು ಸೈಕಲ್ ಕಲಿಯೋದು ನೋಡ್ಬೇಕಂತೆ."

"ಸರಿ ಹಾಗಾದ್ರೆ. ಮುಂದುವರಿಸೋಣ."

ಮಗಳು ಅಮ್ಮನ ಭುಜಕ್ಕೆ ಹಣೆಯಿಟ್ಟು ಬಿಕ್ಕಿದಳು.

ಗಿರಣಿಯಲ್ಲಿ ಗುಟ್ಟು ಹೇಳುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯಬೇಕಿತ್ತು. ಇಲ್ಲದಿದ್ದರೆ ಮಾತು ಶೆಡ್ಡಿನ ಆ ತುದಿಗೂ ತಲುಪಿಬಿಡುತ್ತಿತ್ತು. ಹೊಸದಾಗಿ ಸೇರಿದ ಹುಡುಗಿಯರು ಮಾತ್ರ ಅದನ್ನು ಮರೆಯುತ್ತಿದ್ದರು. ಆಕೆ ಕೆಳಗೆ ನೋಡಿದಳು. ಮಾಸ್ಕು ಇನ್ನೂ ಗಲ್ಲದ ಕೆಳಗೇ ಇತ್ತು. ಗಂಡನ ಕಣ್ಣು ಆಕೆಯ ಬಾಯಿಯ ಮೇಲಿತ್ತು. ಅವನು ಆ ಕಣ್ಣನ್ನು ನಿಧಾನವಾಗಿ ಬೇರೆ ಕಡೆ ಹೊರಳಿಸಿ ತುಟಿ ಬಿಗಿದುಕೊಂಡ.

ಮರುದಿನವೂ ತುಟಿ ಬಿಚ್ಚಲಿಲ್ಲ. ಆಕೆ ಕಾಲು ತಿಕ್ಕಿದಳು, ಮುಖ ಒರೆಸಿದಳು, ಮೊಮ್ಮಗಳು ಮೊಣಕಾಲು ತರಚಿಕೊಂಡ ಸುದ್ದಿ ಹೇಳಿದಳು. ಫೋನು ತೆಗೆದು ಹೊಸದೊಂದು ಮದುವೆ ಹಾಕಿ ಮುಖದ ಮುಂದೆ ಹಿಡಿದಳು. ಅವನು ಕಣ್ಣು ಮುಚ್ಚಿದ. ಕಿವಿಯಿಲ್ಲದವನು ಕಣ್ಣನ್ನೂ ಮುಚ್ಚಿದರೆ ಒಳಗಿನಿಂದ ಚಿಲಕ ಹಾಕಿಕೊಂಡಂತೆ. ತಟ್ಟುವುದಾದರೂ ಎಲ್ಲಿ?

"ಬೈಯಿ," ಎಂದಳು ಆಕೆ. "ಬೈದಾದ್ರೂ ಬಿಡೋ." ನೋಡುವವರಿರಲಿಲ್ಲ. ಯಂತ್ರ ಅವನ ಎದೆಯನ್ನು ಎತ್ತುತ್ತಿತ್ತು, ಇಳಿಸುತ್ತಿತ್ತು. ಪರದೆಯ ಮೇಲೆ ಯಾರೋ ಕುಣಿಯುತ್ತಿದ್ದರು. ಆಕೆ ಫೋನು ಆರಿಸಿ ಹೊರಗೆ ನಡೆದಳು.

ಡಾಕ್ಟರಮ್ಮ ನರ್ಸುಗಳ ಮೇಜಿನ ಹತ್ತಿರ ಮಗಳೊಂದಿಗೆ ಮಾತಾಡುತ್ತಿದ್ದರು.

"ನಿನ್ನೆ ನಾನು ಹೇಳಿದ್ದು ನನ್ನ ಮಾತು ಡಾಕ್ಟ್ರೇ. ಅವರದ್ದಲ್ಲ."

"ಅವರೇನಂದ್ರು ಮತ್ತೆ?"

ಆಕೆ ಹೇಳಿದಳು. ಡಾಕ್ಟರಮ್ಮ ಕಾದರು. ಮಗಳು ಮೊಣಕೈ ಹಿಡಿದು, "ಅಮ್ಮ, ಬರೀ ಬಾಯಿ ಆಡಿಸ್ತಿದ್ದೀಯ. ಏನೂ ಕೇಳಿಸ್ತಿಲ್ಲ," ಎಂದಳು.

ಆಕೆ ಈಗ ದನಿ ತೆಗೆದಳು. "ಸಾಕು ಅಂದ್ರು. ತೆಗೆಸಿಬಿಡು ಅಂದ್ರು."

ಮಗಳು ಹಿಂದಿದ್ದ ಕುರ್ಚಿಯನ್ನು ತಡಕಿ ಕೂತಳು. "ದಿಂಬು ಅಂದ್ಯಲ್ಲಮ್ಮ," ಎಂದಳು, ಮತ್ತೇನೂ ತೋಚದೆ.

ಡಾಕ್ಟರಮ್ಮ ಆಕೆಯ ಕೈ ಹಿಡಿದುಕೊಂಡರು. "ನಾನೂ ಬರ್ತೀನಿ. ಇನ್ನೊಂದು ಸಲ ಅವರನ್ನೇ ಕೇಳೋಣ. ಈ ಸಲ ಅವರು ಹೇಳಿದ್ದನ್ನ ಹೇಳಿದ ಹಾಗೇ ಹೇಳಿ."

ಮೂವರೂ ಹಾಸಿಗೆಯ ಹತ್ತಿರ ಬಂದರು. ಆಕೆ ಮಾಸ್ಕು ಕೆಳಗೆಳೆದು ಅವನ ಹೆಗಲು ಮುಟ್ಟಿದಳು. ತುಸು ಹೊತ್ತಿಗೆ ಕಣ್ಣು ತೆರೆಯಿತು.

"ಹೇಳ್ದೆ," ಎಂದಳು, ತುಟಿಯಲ್ಲಿ.

ಅವನು ಅವಳನ್ನೇ ನೋಡಿದ. ತುಟಿಗಳು ಒಣಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಆಕೆ ಹತ್ತಿಯ ಚೂರನ್ನು ನೀರಲ್ಲದ್ದಿ ಅವುಗಳ ಮೇಲೆ ಮೆಲ್ಲಗೆ ಎಳೆದಳು, ಒಂದು ಸಲ, ಇನ್ನೊಂದು ಸಲ. ತುಟಿ ಬಿಡಿಸಿಕೊಂಡಿತು. ಅಲುಗಿತು. ನಿಂತು, ಮತ್ತೆ ಅಲುಗಿತು. ಆಕೆ ಇನ್ನಷ್ಟು ಬಗ್ಗಿದಳು.

"ಏನಂತಾರೆ?" ಮಗಳು ಕೇಳಿದಳು. "ಅಮ್ಮ, ಏನಂತಿದ್ದಾರೆ?"

ಆಕೆ ಅವನ ಬಾಯಿಯಿಂದ ಕಣ್ಣು ಕೀಳದೆ ಹತ್ತಿ ಹಿಡಿದ ಕೈಯನ್ನು ಮೇಲೆತ್ತಿದಳು. ನೀರು ಮಣಿಕಟ್ಟಿಗೆ ಇಳಿಯಿತು.

"ಇರು," ಎಂದಳು. "ಇನ್ನೂ ಮಾತಾಡ್ತಿದ್ದಾರೆ."