ಕಂಪ್ಯೂಟರಿಗೆ ಬಂದ ಅವಸರ

ನಮ್ಮ ಮಾವನವರು ಏನು ಕೇಳಿದರೂ ತಕ್ಷಣ ಉತ್ತರ ಕೊಟ್ಟವರಲ್ಲ. ಕಾಫಿ ಬೇಕೇ ಎಂದರೆ ಗೋಡೆ ನೋಡುತ್ತಾ ಕೂರುವರು. ಬೇಡವೇನೋ ಅಂದುಕೊಂಡು ನಾನು ಪಾತ್ರೆ ತೊಳೆದಿಟ್ಟ ಮೇಲೆ "ಹೂಂ" ಅನ್ನುವರು. ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ, ಅವರು ಕೂರುತ್ತಿದ್ದ ಕಿಟಕಿಯ ಪಕ್ಕಕ್ಕೆ ಅವರ ಗುಣದ್ದೇ ಒಂದು ಕಂಪ್ಯೂಟರು ಬಂತು. ಕಂಪನಿ ಹೊಸದನ್ನು ತರಿಸಿಕೊಂಡು ಹಳೆಯದನ್ನು ತೆಗೆದುಹಾಕುವಾಗ ನಮ್ಮ ಯಜಮಾನರು, ವೆಂಕಟಸುಬ್ಬಯ್ಯನವರು, ರಿಟೈರ್ ಆಗುತ್ತಾ ಅದನ್ನೂ ಟೆಂಪೋದಲ್ಲಿ ಹಾಕಿಸಿಕೊಂಡು ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಮನೆಗೆ ತಂದರು. ನಮ್ಮದು ಒನ್ ರೂಮ್ ಕಿಚನ್. ನನ್ನ ಹೊಲಿಗೆ ಮಷೀನು ಅಡುಗೆಮನೆ ಸೇರಿತು. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಆಮೇಲೆ ಸುಮ್ಮನಾದೆ, ಏಕೆಂದರೆ ಆ ಕಂಪ್ಯೂಟರಿನಿಂದ ಇವರಿಗೊಂದು ಕೆಲಸ ಸಿಕ್ಕಿತು. ಗ್ರಾಂಟ್ ರೋಡಿನಲ್ಲಿ ಪ್ರೆಸ್ ಇಟ್ಟಿರುವ ಪೀರಸಾಬರು ಹುಬ್ಬಳ್ಳಿ ಕಡೆಯವರು. ಮುಂಬಯಿಯ ಕಾರ್ಖಾನೆಗಳ ಹೆಸರು, ವಿಳಾಸಗಳನ್ನೆಲ್ಲ ಸೇರಿಸಿ ವರ್ಷಕ್ಕೊಂದು ಡೈರೆಕ್ಟರಿ ತರುತ್ತಾರೆ. ಹೆಸರುಗಳನ್ನು ಟೈಪ್ ಮಾಡಿ, ಅಕಾರಾದಿಯಾಗಿ ಜೋಡಿಸಿಕೊಡುವುದನ್ನು ಇವರಿಗೆ ವಹಿಸಿದರು. ಬಿಲ್ಡಿಂಗಿನ ಬೇರೆ ರಿಟೈರ್ಡ್ ಗಂಡಸರು ಬನಿಯನ್ನಿನಲ್ಲಿ ಗೇಟಿನ ಹತ್ತಿರ ಕೂತು ವಾಚ್‌ಮನ್ನಿಗೆ ಬುದ್ಧಿ ಹೇಳುತ್ತಿದ್ದರೆ, ನಮ್ಮವರು ಇಸ್ತ್ರಿ ಅಂಗಿ ಹಾಕಿಕೊಂಡು, ಆಫೀಸಿಗೆ ಹೊರಟವರಂತೆ, ಆರು ಹೆಜ್ಜೆ ನಡೆದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಆ ಕೆಲಸ ಹೋದರೆ ಇವರು ಮೂಲೆ ಹಿಡಿಯುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ತೊಂಬತ್ತೊಂದನೇ ಇಸವಿಯಲ್ಲಿ ಕೆಲಸ ಕುಂಟತೊಡಗಿತು. ಕೇಳಿದರೆ ಇವರದು ಒಂದೇ ಮಾತು: "ಮಷೀನು ಕಣೇ. ಹಳೇದಾಯ್ತು. ಒಂದು ಹೆಸರು ಕೊಟ್ರೆ ಅರ್ಧ ಗಂಟೆ ಯೋಚಿಸುತ್ತೆ." ನಿಜವೇ ಇತ್ತು. ಪರದೆಯ ಮೇಲೆ ಏನೂ ಅಲುಗಾಡುತ್ತಿರಲಿಲ್ಲ, ಒಳಗೆ ಏನೋ ಕಿರ್ ಕಿರ್ ಅನ್ನುತ್ತಿತ್ತು. ಇವರು ಬೆರಳಿನಿಂದ ಮೇಜು ತಟ್ಟುತ್ತಾ ಕೂರುವರು. ನನಗೆ ಆ ಡಬ್ಬವನ್ನು ಎರಡನೇ ಮಹಡಿಯಿಂದ ಎತ್ತಿ ಹಾಕುವಷ್ಟು ಸಿಟ್ಟು ಬರುತ್ತಿತ್ತು.

ಅಕ್ಟೋಬರಿನಲ್ಲಿ ಪೀರಸಾಬರ ಫೋನು ಬಂತು. ಎತ್ತಿದ್ದು ನಾನು.

"ಅಮ್ಮಾರ, ಹೊಸಾ ವರ್ಷಕ್ಕ ಪುಸ್ತಕ ಹೊರಗ ಬರಬೇಕ್ರಿ. ಸಾಹೇಬ್ರ ಕಡೆ ಆಗಂಗಿಲ್ಲಂದ್ರ ಬ್ಯಾರೇದವ್ರಿಗೆ ಕೊಡಬೇಕಾಗತೈತಿ. ತಪ್ಪು ತಿಳ್ಕೋಬ್ಯಾಡ್ರಿ."

ನಾನು ಅದನ್ನು ಇವರಿಗೆ ಹೇಳಲಿಲ್ಲ. ನಮ್ಮ ಜೊತೆಗೇ ಇದ್ದು ಬಾಂದ್ರಾಕ್ಕೆ ಕೆಲಸಕ್ಕೆ ಹೋಗಿಬರುವ ಮಗಳು ವನಮಾಲಾಳನ್ನು ಹಿಡಿದೆ. ಅವಳ ಆಫೀಸಿನಲ್ಲಿ ಇಡೀ ದಿನ ಕಂಪ್ಯೂಟರೇ. "ನಿಮ್ಮಪ್ಪನ ಮಷೀನು ಒಂದು ಸಲ ನೋಡೇ. ಊರಿನವರದ್ದೆಲ್ಲ ನೋಡ್ತೀಯ" ಅಂದೆ.

ಭಾನುವಾರ ಮಧ್ಯಾಹ್ನ ಅವಳು ಕೂತಳು. ಇವರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು, ಮಗುವನ್ನು ಡಾಕ್ಟರಿಗೆ ತೋರಿಸುವವರ ಮುಖ ಮಾಡಿಕೊಂಡಿದ್ದರು.

"ಅರೇ ಅಪ್ಪ, ಇದರಲ್ಲಿ ಏನೂ ಖರಾಬ್ ಆಗಿಲ್ಲ" ಅಂದಳು ವನಮಾಲಾ. "ಮೂಲೇಲಿ ಈ ಗಡಿಯಾರ ಓಡ್ತಿದೆ, ನೋಡು. ಕ್ಯಾಲೆಂಡರ್, ಕ್ಯಾಲ್ಕ್ಯುಲೇಟರ್, ಸಬ್ ಕುಛ್. ಎಲ್ಲ ಮೆಮರಿಯಲ್ಲಿ ಕೂತಿದಾವೆ, ಬಾಡಿಗೆ ಕೊಡದೇ ಇರೋ ಬಾಡಿಗೆದಾರರ ಥರ." ಅವನ್ನೆಲ್ಲ ಎಬ್ಬಿಸಿ ಹೊರಗೆ ಹಾಕಿದಳು. ಒಂದೇ ಕಡೆ ರಾಶಿ ಬಿದ್ದಿದ್ದ ಫೈಲುಗಳನ್ನು ಬೇರೆ ಬೇರೆ ಕಡೆ ಹಂಚಿಟ್ಟಳು. ಯಾವುದೋ ಸಾಲಿನಲ್ಲಿ ಒಂದು ಅಂಕಿ ಬದಲಾಯಿಸಿದಳು. ಅದೇನೆಂದು ಕೇಳಿದೆ. "ಅಮ್ಮ, ಸಾಸಿವೆ ಬೇಕಾದಾಗಲೆಲ್ಲ ನೀನು ಅಂಗಡಿಗೆ ಓಡ್ತೀಯಾ? ಡಬ್ಬಿ ತುಂಬಿಟ್ಕೊಳ್ತೀಯ ತಾನೆ? ಈಗ ಇದೂ ತುಂಬಿಟ್ಕೊಳ್ಳುತ್ತೆ." ಕೊನೆಗೆ ಡಬ್ಬದ ಎದುರಿಗೇ ಇದ್ದ, ಯಾರೂ ಮುಟ್ಟದ, ವೇಗ ಹೆಚ್ಚಿಸುವ ಒಂದು ಗುಂಡಿ ಒತ್ತಿದಳು. ದೀಪ ಹತ್ತಿತು.

ಆಮೇಲೆ ಹೆಸರುಗಳು ಸರಸರನೆ ಬಂದವು. ನಾನು ಖುಷಿಗೆ ಸಜ್ಜಿಗೆ ಮಾಡಿದೆ. ಇವರು ತಿನ್ನುತ್ತಾ ಎರಡು ಸಲ "ಭೇಷ್" ಅಂದರು.

ಮರುದಿನ ವನಮಾಲಾ ಲೋಕಲ್ ಟ್ರೇನ್ ಹಿಡಿದು ಆಫೀಸಿಗೆ ಹೋದ ಮೇಲೆ ಇವರು ಕೆಲಸಕ್ಕೆ ಕೂತರು. ನಾನು ಹುರಳಿಕಾಯಿ ಬಿಡಿಸುತ್ತಾ ಅಲ್ಲೇ ನೆಲದ ಮೇಲೆ ಕೂತೆ. ಒಂದು ಹೆಸರು ಹೊಡೆದರು. ಅದು ತಟಕ್ಕನೆ ಹೋಗಿ ಜಾಗದಲ್ಲಿ ಕೂತು, ಮುಂದಿನದು ಕೊಡಿ ಅನ್ನುವ ಹಾಗೆ ಮಿಣುಕಿತು. ಇವರು ಕಾಗದ ನೋಡಿದರು. ಪರದೆ ನೋಡಿದರು. ಮತ್ತೆ ಕಾಗದ. ಓದಿದ ಸಾಲು ಪರದೆಗೆ ಕಣ್ಣು ಎತ್ತುವಷ್ಟರಲ್ಲಿ ತಲೆಯಿಂದ ಎಲ್ಲೋ ಬಿದ್ದುಹೋಗುತ್ತಿತ್ತು. ಬೆರಳು ಗಾಳಿಯಲ್ಲಿ ನಿಂತಿತ್ತು. ಕೊನೆಗೆ ಹೊಡೆದದ್ದು ಆಗಲೇ ಹೊಡೆದಿದ್ದ ಹೆಸರನ್ನೇ.

ನಾನು ಕಾಯಿ ಬಿಡಿಸುವುದನ್ನು ನಿಲ್ಲಿಸಿದೆ. ಇಷ್ಟು ದಿನ ಮಷೀನು ಯೋಚಿಸುತ್ತಿದೆ ಅಂದುಕೊಂಡು ನಾನು ಅದನ್ನೇ ಬೈದೆ. ಆ ಹೊತ್ತಿನಲ್ಲಿ ಇವರು ಏನು ಮಾಡುತ್ತಿದ್ದಾರೆ ಅಂತ ಒಮ್ಮೆಯೂ ನೋಡಿರಲಿಲ್ಲ. ಯಾರಿಗೂ ನೋಡುವ ಅಗತ್ಯವೇ ಬಿದ್ದಿರಲಿಲ್ಲ.

"ಸುಮಿತ್ರಾ" ಅಂದರು, ತಿರುಗದೆ. "ಈಗ ಅದು ನನಗೋಸ್ಕರ ಕಾಯ್ತಿದೆ."

"ಕಾಯಲಿ ಬಿಡಿ. ಅದಕ್ಕೇನು ಟ್ರೇನ್ ತಪ್ಪುತ್ತಾ?" ಅಂದೆ.

ಸಂಜೆ ವನಮಾಲಾ ಚಪ್ಪಲಿ ಬಿಡುವ ಮೊದಲೇ ಇವರು ಅಂದರು, "ಮೊದಲಿದ್ದ ಹಾಗೇ ಮಾಡಿಕೊಡಮ್ಮ."

"ಯಾಕಪ್ಪ? ಸ್ಪೀಡ್ ಆಗಿದೆಯಲ್ಲ?"

"ಅದು ಯೋಚಿಸೋವಾಗ ನಾನೂ ಯೋಚಿಸ್ತಿದ್ದೆ. ಈಗ ಎಲ್ಲಾ ನನ್ನ ತಲೆ ಮೇಲೆ ಬಿತ್ತು. ಆಗಲ್ಲ ನನ್ನ ಕೈಲಿ."

ಅವಳಿಗೆ ರೇಗಿತು. "ಇಡೀ ಸಂಡೇ ಹೋಯ್ತು ನನ್ನದು" ಅಂತ ಬಾಯಿ ತೆರೆದವಳು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಹಳೆಯದರ ಕಾಪಿ ಇಟ್ಟಿದ್ದಳಂತೆ. ಹೆಚ್ಚು ಹೊತ್ತು ಹಿಡಿಯಲಿಲ್ಲ. ಗಡಿಯಾರ ಮೂಲೆಗೆ ಬಂತು, ಗುಂಡಿಯ ದೀಪ ಆರಿತು, ಕಿರ್ ಕಿರ್ ಮೊದಲಾಯಿತು. ಇವರ ಭುಜ ಇಳಿಯಿತು. ಎಷ್ಟೋ ದಿನದ ಮೇಲೆ ಆ ರಾತ್ರಿ ಹೊಟ್ಟೆ ತುಂಬ ಉಂಡರು. ನಾನು ಸಿಂಕಿನ ನಲ್ಲಿ ಬಿಟ್ಟುಕೊಂಡು ಅತ್ತೆ. ಮಗಳು ಹಿಂದೆ ಬಂದು ನಿಂತಳು.

ಆ ವಾರ ಪೀರಸಾಬರು ಮತ್ತೆ ಫೋನ್ ಮಾಡಿದರು. ಇವರು ಧೈರ್ಯವಾಗಿಯೇ "ಮಷೀನು ಪೀರಸಾಬ್, ಹಳೇ ಮಷೀನು" ಅಂದು ಫೋನನ್ನು ನನ್ನ ಕೈಗೆ ಕೊಟ್ಟರು.

"ಅಮ್ಮಾರ, ಸಾಹೇಬ್ರು ಆರಾಮ ಅದಾರಲ್ರೀ?"

"ಚೆನ್ನಾಗಿದ್ದಾರೆ. ಮಷೀನೇ ಸರಿಯಿಲ್ಲ" ಅಂದೆ. ನಾಲಿಗೆ ತೊದಲಲಿಲ್ಲ.

ಪೀರಸಾಬರಿಗೂ ತಿಳಿಯಿತೋ ಏನೋ. "ಇರ್ಲಿ ಬಿಡ್ರಿ. ಈ ವರ್ಷದ್ದು ಬ್ಯಾರೆ ಕಡೆ ಮಾಡಿಸ್ತೀನಿ. ಸಾಹೇಬ್ರ ಹತ್ರ ಇರೂ ಕಾಗದ ಅಲ್ಲೇ ಇರ್ಲಿ. ಅವ್ರು ಮಾಡ್ಕೋತ ಇರ್ಲಿ" ಅಂದರು. ನಾನು ಆ ಮಾತನ್ನೂ ಇವರಿಗೆ ಹೇಳಲಿಲ್ಲ. ಇವರು ಎಂದಿನಂತೆ ಇಸ್ತ್ರಿ ಅಂಗಿ ಹಾಕಿಕೊಂಡು ಕೂರುತ್ತಿದ್ದರು, ಯಾರಿಗೂ ಬೇಡವಾದ ಹೆಸರುಗಳನ್ನು ಹೊಡೆಯುತ್ತಿದ್ದರು, ಕಾಯುತ್ತಿದ್ದರು. ಇಷ್ಟಾದರೂ ಉಳಿಯಿತಲ್ಲ ಅಂದುಕೊಂಡೆ.

ಮುಂದಿನ ಭಾನುವಾರ ವನಮಾಲಾ ತಲೆಸ್ನಾನ ಮಾಡಿ ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಇವರು ಕುರ್ಚಿಯಿಂದಲೇ ಕರೆದರು.

"ವನೂ, ಬಿಡುವಾಗಿದೀಯೇನಮ್ಮ? ಈ ಮಷೀನು ತುಂಬಾ ನಿಧಾನ ಆಗಿದೆ. ನಿಮ್ಮ ಆಫೀಸಲ್ಲಿ ಏನೋ ಮಾಡಿ ಜೋರಾಗಿ ಓಡೋ ಹಾಗೆ ಮಾಡ್ತಾರಂತಲ್ಲ. ಊರಿನವರದ್ದೆಲ್ಲ ನೋಡ್ತೀಯ, ನಿಮ್ಮಪ್ಪನದು ಮಾತ್ರ ಒಂದು ದಿನವೂ ಮುಟ್ಟಿ ನೋಡಿಲ್ಲ ನೀನು."

ನಗುತ್ತಲೇ ಅಂದರು. ತಮಾಷೆಯೇನೋ ಅಂತ ನಾನು ಅವರ ಕಣ್ಣು ನೋಡಿದೆ. ತಮಾಷೆಯಲ್ಲ.

ವನಮಾಲಾ ಟವಲನ್ನು ಹೆಗಲ ಮೇಲೆ ಹಾಕಿಕೊಂಡು ನಿಂತೇ ಇದ್ದಳು. ಆಮೇಲೆ ಸ್ಟೂಲ್ ಎಳೆದುಕೊಂಡು ಅವರ ಪಕ್ಕ ಕೂತಳು.

"ಹೌದಪ್ಪ, ನೋಡೇ ಇಲ್ಲ" ಅಂದಳು. "ಏನಾಗಿದೆ, ತೋರಿಸು."