ಎರಡೂವರೆ ನಿಮಿಷ ಹಿಂದಿದ್ದ ಗಡಿಯಾರ

ಆ ಮನೆಯಲ್ಲಿ ಅತ್ತೆ ಸೊಸೆಯರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೆಸರಿಡುವುದು ಮಾತ್ರ ಧಾರಾಳವಾಗಿ ನಡೆಯುತ್ತಿತ್ತು. ಒಬ್ಬಳು ದೊಡ್ಡವಳು, ಇನ್ನೊಬ್ಬಳು ಚಿಕ್ಕವಳು.

ದೊಡ್ಡವಳು ಹನ್ನೊಂದು ವರ್ಷದಿಂದ ಒಂದು ದೊಡ್ಡ ಆಸ್ಪತ್ರೆಯ ನೆಟ್‌ವರ್ಕ್ ಕೋಣೆಯಲ್ಲಿದ್ದಳು. ಆರು ಮಹಡಿಗಳಲ್ಲಿ ಹರಡಿದ್ದ ಮುನ್ನೂರು ಚಿಲ್ಲರೆ ಸ್ವಿಚ್ಚು, ಸರ್ವರು, ವೈಫೈ ಪೆಟ್ಟಿಗೆಗಳಲ್ಲಿ ಯಾವುದು ನಡೆಯುತ್ತಿದೆ, ಯಾವುದು ನಿಂತಿದೆ ಎಂದು ತೋರಿಸುವ ನಿಗಾ ವ್ಯವಸ್ಥೆಯನ್ನು ಕೂರಿಸಿದವಳೇ ಅವಳು. ಗೋಡೆಯ ಮೇಲಿನ ಪರದೆಯಲ್ಲಿ ಎಲ್ಲ ಹಸಿರಾಗಿದ್ದರೆ ನೆಮ್ಮದಿ, ಒಂದು ಚುಕ್ಕೆ ಕೆಂಪಾದರೆ ಓಟ. ಒಳಗೆ ಹೋಗಲು ಇದ್ದದ್ದು ಎಲ್ಲರಿಗೂ ಒಂದೇ ಬಳಕೆದಾರ ಹೆಸರು, ಒಂದೇ ಪಾಸ್‌ವರ್ಡ್. ಅದನ್ನು ಬರೆದ ಚೀಟಿ ಕೀಬೋರ್ಡಿನ ಅಡಿ ಅಂಟಿಕೊಂಡಿತ್ತು. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಪಕ್ಕದ ಮೊಳೆಗೇ ತೂಗುಹಾಕಿದ ಹಾಗೆ. ಆದರೂ ಆ ಪಾಸ್‌ವರ್ಡ್ ತನ್ನದು, ತಾನು ಕೊಟ್ಟಿದ್ದಕ್ಕೆ ಉಳಿದವರ ಕೈಗೆ ಬಂದದ್ದು ಎಂಬ ಹೆಮ್ಮೆ ಅವಳಿಗಿತ್ತು.

ಚಿಕ್ಕವಳು ಮೈದುನನ ಹೆಂಡತಿ. ಹಿಂದಿನ ಕಂಪ್ಯೂಟರ್ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಾಗ ಅತ್ತೆಯೇ ದುಂಬಾಲು ಬಿದ್ದರು. "ನಿನ್ನ ಆಸ್ಪತ್ರೇಲಿ ಒಂದು ಮಾತು ಹೇಳಿ ನೋಡು. ಇಬ್ರೂ ಜೊತೇಲಿ ಹೋಗಿ ಜೊತೇಲಿ ಬರಬಹುದು." ದೊಡ್ಡವಳು ಹೇಳಿದಳು. ಕೆಲಸವೂ ಸಿಕ್ಕಿತು. ಮೂರೇ ತಿಂಗಳಲ್ಲಿ, ಯಾಕಾದರೂ ಹೇಳಿದೆನೋ ಎಂದು ಕೈ ಹಿಸುಕಿಕೊಳ್ಳುವಂತಾಯಿತು.

ತಪ್ಪು ಹುಡುಕೋಣವೆಂದರೆ ಚಿಕ್ಕವಳು ಏನೂ ಮಾಡಿರಲಿಲ್ಲ. ಅದೇ ಸಂಕಟ. ಫೋನೆತ್ತಿದರೆ ನರ್ಸುಗಳು "ನಗುನಗ್ತಾ ಮಾತಾಡ್ತಾರಲ್ಲ, ಅವರಿಗೆ ಕೊಡಿ" ಎನ್ನುತ್ತಿದ್ದರು. ಕೋಣೆಯ ಇನ್ನೊಬ್ಬ ತಂತ್ರಜ್ಞ, ಬಾಯಿ ಮುಚ್ಚದ ಮಾತುಗಾರನಾದ್ದರಿಂದ ಎಲ್ಲರೂ ಮೌನಿ ಎಂದು ಕರೆಯುತ್ತಿದ್ದವನು, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ದೊಡ್ಡವಳಿಗೆ ಕುರ್ಚಿ ಎಳೆದುಕೊಟ್ಟವನಲ್ಲ. ಚಿಕ್ಕವಳಿಗೆ ಕಿಟಕಿ ಪಕ್ಕದ ತನ್ನ ಜಾಗವನ್ನೇ ಬಿಟ್ಟುಕೊಟ್ಟ. ಮನೆಯಲ್ಲಿ ಅತ್ತೆಯ ಮೊಬೈಲು ಕೆಟ್ಟರೆ ದೊಡ್ಡವಳು ಎದುರಿಗಿದ್ದರೂ "ಚಿಕ್ಕವಳು ಬರಲಿ, ಅವಳ ಕೈಗುಣ ಚೆನ್ನಾಗಿದೆ" ಎನ್ನುವರು. ಕೈಗುಣವಂತೆ! ದೊಡ್ಡವಳು ಪಾತ್ರೆಯನ್ನು ತಳ ಸವೆಯುವಷ್ಟು ಉಜ್ಜುತ್ತಿದ್ದಳು.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಮುಖ್ಯಸ್ಥರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. "ಈ ಒಂದೇ ಪಾಸ್‌ವರ್ಡ್ ಕಥೆ ಇನ್ನು ಸಾಕು. ಯಾರು ಒಳಗೆ ಹೋದ್ರು, ಏನು ಬದಲಾಯಿಸಿದ್ರು ಅನ್ನೋದು ಗೊತ್ತೇ ಆಗಲ್ಲ. ಪ್ರತಿಯೊಬ್ಬರಿಗೂ ಅವರದೇ ಖಾತೆ ಬೇಕು. ಆಸ್ಪತ್ರೆ ಸಿಬ್ಬಂದಿ ಪಟ್ಟಿಗೇ ಜೋಡಿಸಿಬಿಡೋಣ. ಜೊತೆಗೆ ಮೊಬೈಲಲ್ಲಿ ಬರೋ ಆರಂಕಿ ಕೋಡು. ಶುಕ್ರವಾರ ಅಲ್ಲ, ಅದರ ಮುಂದಿನ ಶುಕ್ರವಾರದೊಳಗೆ ಮುಗೀಬೇಕು." ಆಮೇಲೆ ಚಿಕ್ಕವಳ ಕಡೆ ತಿರುಗಿ, "ನೀವು ಇದನ್ನ ಮುಂಚೆ ಮಾಡಿದ್ದೀರಲ್ಲ? ನೀವೇ ನೋಡ್ಕೊಳ್ಳಿ" ಅಂದರು.

ದೊಡ್ಡವಳ ಮುಖ ಸಣ್ಣದಾಯಿತು. ತಾನು ಕಟ್ಟಿದ ಮನೆಗೆ ಬೀಗ ಹಾಕುವ ಕೆಲಸ ನಿನ್ನೆ ಮೊನ್ನೆ ಬಂದವಳಿಗೆ!

ಪ್ರತಿ ಸೋಮವಾರ ಅವಳದೊಂದು ಚಿಕ್ಕ ಕೆಲಸವಿತ್ತು. ನಿಗಾ ವ್ಯವಸ್ಥೆ ಓಡುತ್ತಿದ್ದ ಹಳೆಯ ಯಂತ್ರದ ಗಡಿಯಾರ ದಿನಕ್ಕೆ ಹತ್ತು ಸೆಕೆಂಡಿನಷ್ಟು ಹಿಂದೆ ಬೀಳುತ್ತಿತ್ತು. ಹೊರಗಿನಿಂದ ಸಮಯ ತರಿಸಿಕೊಳ್ಳುವ ದಾರಿ ಅದಕ್ಕಿರಲಿಲ್ಲವಾದ್ದರಿಂದ ಅವಳೇ ಯಂತ್ರದ ಕೋಣೆಗೆ ಹೋಗಿ ಕೈಯಿಂದ ಸರಿಪಡಿಸಿ ಬರುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದು ಅಂತಲೂ ಅನ್ನಿಸಿರಲಿಲ್ಲ. ಆ ಸೋಮವಾರ ಅವಳು ಹೋಗಲಿಲ್ಲ. ಲೆಕ್ಕಾಚಾರವೇನೂ ಇರಲಿಲ್ಲ, ಬರೀ ಮುನಿಸು. ಎಲ್ಲ ಅವಳೇ ನೋಡಿಕೊಳ್ಳುತ್ತಾಳಲ್ಲ, ಇದನ್ನೂ ನೋಡಿಕೊಳ್ಳಲಿ. ಮುಂದಿನ ಸೋಮವಾರವೂ ಹೋಗಲಿಲ್ಲ.

ಚಿಕ್ಕವಳ ಕೆಲಸ ಹೂವಿನ ಸರ ಎತ್ತಿದಂತೆ ಸಾಗಿತು. ಸಿಬ್ಬಂದಿ ಪಟ್ಟಿ ಜೋಡಣೆಯಾಯಿತು. ಮೂರು ಗುಂಪು ಮಾಡಿದಳು: ಬರೀ ನೋಡುವವರು, ಎಚ್ಚರಿಕೆಗಳನ್ನು ನಿಭಾಯಿಸುವವರು, ಎಲ್ಲ ಅಧಿಕಾರ ಇರುವ ನಿರ್ವಾಹಕರು. "ಅಕ್ಕ, ನಿಮ್ಮ ಹೆಸರೇ ನಿರ್ವಾಹಕರಲ್ಲಿ ಮೊದಲು ಹಾಕಿದ್ದೀನಿ" ಎಂದು ಕರೆದು ತೋರಿಸಿದಳು. ದೊಡ್ಡವಳಿಗೆ ಅದೂ ಭಿಕ್ಷೆಯಂತೆ ಕಂಡಿತು. "ಹಾಕು, ಯಾರು ಬೇಡ ಅಂದ್ರು" ಎಂದು ಅತ್ತ ತಿರುಗಿದಳು.

ಎರಡನೇ ವಾರದ ಬುಧವಾರ ಪರೀಕ್ಷೆಗೆ ಕೂತಾಗ ಹೆಸರು ಒಪ್ಪಿತು, ಪಾಸ್‌ವರ್ಡ್ ಒಪ್ಪಿತು, ಆರಂಕಿ ಕೋಡು ಮಾತ್ರ ಒಪ್ಪಲಿಲ್ಲ. ಮತ್ತೊಮ್ಮೆ. ಮತ್ತೊಂದು ಮೊಬೈಲು. ಮೌನಿಯ ಮೊಬೈಲು. 'ಕೋಡು ತಪ್ಪಾಗಿದೆ' ಎಂಬ ಒಂದೇ ಉತ್ತರ. ದೊಡ್ಡವಳಿಗೆ ಕ್ಷಣದಲ್ಲಿ ಹೊಳೆಯಿತು. ಆ ಕೋಡು ಅರ್ಧ ನಿಮಿಷಕ್ಕೊಮ್ಮೆ ಬದಲಾಗುವಂಥದ್ದು. ಮೊಬೈಲೂ ಯಂತ್ರವೂ ತಂತಮ್ಮ ಗಡಿಯಾರ ನೋಡಿ ಲೆಕ್ಕ ಹಾಕುತ್ತವೆ. ಯಂತ್ರ ಎರಡೂವರೆ ನಿಮಿಷ ಹಿಂದಿರುವಾಗ ಒಪ್ಪುವುದಾದರೂ ಹೇಗೆ?

ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದೂ ಇತ್ತು. ಆಗಲೇ ಮೌನಿ, "ಬಿಡಿ ಮೇಡಂ, ನಿಮ್ಮಂಥ ಬುದ್ಧಿವಂತರಿಗೇ ಆಗಿಲ್ಲ ಅಂದ್ರೆ ಇಲ್ಲಿ ಇನ್ಯಾರಿಗೂ ಆಗಲ್ಲ" ಎಂದ. ದೊಡ್ಡವಳು ಬಾಯಿಗೆ ಬೀಗ ಹಾಕಿಕೊಂಡಳು.

ಗುರುವಾರವಿಡೀ ಚಿಕ್ಕವಳು ತಲೆ ಕೆಡಿಸಿಕೊಂಡು ಕೂತಳು. ಊಟದ ಡಬ್ಬಿ ಬಿಚ್ಚಲೇ ಇಲ್ಲ. ಕಣ್ಣು ಕೆಂಪಗಾಗಿದ್ದವು. ಮುಖ್ಯಸ್ಥರು ಎರಡು ಸಲ ಬಂದು, "ಮುಂಚೆ ಮಾಡಿದ್ದೆ ಅಂದಿದ್ರಿ?" ಎಂದು ಕೇಳಿಹೋದರು. ಅದನ್ನು ಕೇಳಿದಾಗ ದೊಡ್ಡವಳ ಎದೆಯಲ್ಲಿ ಏನೋ ತಣ್ಣಗಾಯಿತು. ಆ ದಿನ ಮನೆಯಲ್ಲಿ ಅವಳು ಹಾಡಿಕೊಂಡೇ ತರಕಾರಿ ಹೆಚ್ಚಿದಳು. "ಏನೇ, ಇವತ್ತು ಬಹಳ ಖುಷಿ?" ಎಂದು ಅತ್ತೆ ಕೇಳಿದರು. ಚಿಕ್ಕವಳು ತಲೆನೋವೆಂದು ಕೋಣೆ ಸೇರಿದ್ದಳು.

ಶುಕ್ರವಾರ ಗಡುವು. ಮುಖ್ಯಸ್ಥರು ಬೆಳಿಗ್ಗೆಯೇ ಹಳೆಯ ಖಾತೆಯನ್ನು ಮುಚ್ಚಿಸಿಬಿಟ್ಟರು. "ಕೋಡಿನ ತೊಂದರೆ ಸಂಜೆಯೊಳಗೆ ಸರಿಮಾಡಿ" ಎಂದರು. ಎಚ್ಚರಿಕೆಗೆಂದು ಚಿಕ್ಕವಳು ತನ್ನ ಕಂಪ್ಯೂಟರಿನಲ್ಲಿ, ಹಳೆಯ ಖಾತೆಯಿಂದ ಮೊದಲೇ ಒಳಹೊಕ್ಕಿದ್ದ ಒಂದು ಪರದೆ-ಕಿಟಕಿಯನ್ನು ಮುಚ್ಚದೆ ಹಾಗೇ ಇಟ್ಟುಕೊಂಡಿದ್ದಳು. ಆದರೆ ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ತಾನಾಗಿ ಹೊರಗೆ ಹಾಕಬೇಕೆಂಬ ನಿಯಮವನ್ನೂ ಅವಳೇ ಬರೆದಿದ್ದಳು. ಮಧ್ಯಾಹ್ನ ಮುಖ್ಯಸ್ಥರು ಕರೆದು ಮುಕ್ಕಾಲು ಗಂಟೆ ಕೂರಿಸಿಕೊಂಡರು. ಹಿಂದಿರುಗಿದಾಗ ಆ ಕಿಟಕಿ ಹೋಗಿತ್ತು. ಅದರಿಂದಲೇ ನಡೆಯುತ್ತಿದ್ದ ಗೋಡೆಯ ಪರದೆಯೂ ಹೋಗಿತ್ತು. ಹಸಿರು ಚುಕ್ಕೆಗಳಿದ್ದ ಜಾಗದಲ್ಲಿ ಹೆಸರು, ಪಾಸ್‌ವರ್ಡ್ ಕೇಳುವ ಎರಡು ಖಾಲಿ ಪಟ್ಟಿಗಳು.

ಹತ್ತು ನಿಮಿಷವೂ ಆಗಿರಲಿಲ್ಲ, ಫೋನು ಹೊಡೆದುಕೊಂಡಿತು. ರಕ್ತಪರೀಕ್ಷೆಯ ಪ್ರಯೋಗಾಲಯದಿಂದ. "ಮೂರನೇ ಮಹಡಿಗೆ ರಿಪೋರ್ಟೇ ಹೋಗ್ತಿಲ್ಲ. ಆಪರೇಷನ್ ಕೋಣೇಲಿ ಡಾಕ್ಟರು ಕಾಯ್ತಾ ಇದ್ದಾರೆ, ಬೇಗ ನೋಡಿ!" ನೋಡುವುದೆಲ್ಲಿ? ಆ ಮಹಡಿಯೊಂದರಲ್ಲೇ ಐವತ್ತಕ್ಕೂ ಹೆಚ್ಚು ಪೆಟ್ಟಿಗೆಗಳು. ಮೌನಿ ಮಾತೇ ಮರೆತು ಮೆಟ್ಟಿಲ ಕಡೆ ಓಡಿದ. ಚಿಕ್ಕವಳು ಒಂದರ ಮೇಲೊಂದು ಕೋಡು ಒತ್ತುತ್ತಿದ್ದಳು.

ದೊಡ್ಡವಳು ಕುರ್ಚಿಯಲ್ಲೇ ಇದ್ದಳು. ಈಗ ಹೇಳಿದರೆ ಮೊದಲೇ ಗೊತ್ತಿತ್ತೆಂದು ಬಯಲಾಗುತ್ತದೆ. ಹೇಳದಿದ್ದರೆ? ಎರಡನೇ ಸಲ ಫೋನು ಬಂತು. ಈ ಸಲ ಡಾಕ್ಟರೇ. ರಿಪೋರ್ಟನ್ನು ಕಾಗದದ ಮೇಲೆ ಬರೆದುಕೊಂಡು ನರ್ಸೊಬ್ಬಳು ಮೆಟ್ಟಿಲು ಹತ್ತಿ ಓಡುತ್ತಿದ್ದಾಳೆಂದೂ, ಇದು ಆಸ್ಪತ್ರೆಯೋ ಸಂತೆಯೋ ಎಂದೂ ಅವರು ಕೂಗಿದ್ದು ಕೋಣೆಗೆಲ್ಲ ಕೇಳಿಸಿತು. ಮೊದಲ ಫೋನಿನಿಂದ ಅಷ್ಟು ಹೊತ್ತಿಗೆ ಆರು ನಿಮಿಷವಾಗಿತ್ತು. ದೊಡ್ಡವಳು ಎದ್ದಳು.

"ಗಡಿಯಾರ" ಎಂದಳು.

"ಏನು?"

"ಯಂತ್ರದ ಗಡಿಯಾರ ಹಿಂದಿದೆ. ಇರು, ಬಂದೆ."

ಯಂತ್ರದ ಕೋಣೆಗೆ ಓಡಿ, ಅಲ್ಲೇ ಯಂತ್ರಕ್ಕೆ ನೇರವಾಗಿ ಜೋಡಿಸಿದ್ದ ಕೀಬೋರ್ಡಿನಲ್ಲಿ ಸಮಯ ಬದಲಾಯಿಸಿ ಬರಲು ಒಂದು ನಿಮಿಷ ಹಿಡಿಯಿತು. ಚಿಕ್ಕವಳು ಹೊಸ ಕೋಡು ಒತ್ತಿದಳು. ಬಾಗಿಲು ತೆರೆಯಿತು. ಮೂರನೇ ಮಹಡಿಯ ಪೂರ್ವ ಮೂಲೆಯಲ್ಲಿ ಒಂದೇ ಒಂದು ಕೆಂಪು ಚುಕ್ಕೆ. ಗೋಡೆ ಕೊರೆಯುತ್ತಿದ್ದ ಕೆಲಸಗಾರರು ತಮ್ಮ ಯಂತ್ರಕ್ಕೆಂದು ಅಲ್ಲಿನ ನೆಟ್‌ವರ್ಕ್ ಸ್ವಿಚ್ಚಿನ ಕರೆಂಟಿನ ಪ್ಲಗ್ಗನ್ನೇ ಕಿತ್ತಿದ್ದರು. ಮೌನಿ ಹೋಗಿ ಸಿಕ್ಕಿಸಿದ. ಆಪರೇಷನ್ ಸ್ವಲ್ಪ ತಡವಾಗಿ ಶುರುವಾಯಿತು. ರೋಗಿಗೆ ಏನೂ ಆಗಲಿಲ್ಲ.

"ಅನುಭವ ಅಂದ್ರೆ ಇದಪ್ಪ!" ಎಂದು ಮುಖ್ಯಸ್ಥರು ಎಲ್ಲರೆದುರು ದೊಡ್ಡವಳನ್ನು ಹೊಗಳಿದರು. "ಎರಡು ದಿನ ಆಗದ್ದನ್ನ ಒಂದು ನಿಮಿಷದಲ್ಲಿ ಮಾಡಿದ್ರು." ಮೂರು ತಿಂಗಳಿಂದ ಈ ಮಾತಿಗೇ ಅವಳು ಬಾಯಿ ಬಾಯಿ ಬಿಟ್ಟಿದ್ದಳು. ಈಗ ಅದು ಬಂದಾಗ ತಲೆ ತಗ್ಗಿಸಿ ಮೇಜಿನ ಮೇಲಿನ ತಂತಿ ಸುತ್ತತೊಡಗಿದಳು. ಚಿಕ್ಕವಳು ಅವಳ ಮುಖವನ್ನೇ ನೋಡುತ್ತಿದ್ದಳು.

ಸಂಜೆ ಮೆಟ್ಟಿಲಿಳಿಯುವಾಗ ಚಿಕ್ಕವಳು ನಿಂತು ಕೇಳಿದಳು. "ಅಕ್ಕ, ಯಾವಾಗಿಂದ ಗೊತ್ತಿತ್ತು ನಿಮಗೆ?"

ಈಗಷ್ಟೇ ಹೊಳೆಯಿತು ಎನ್ನಬಹುದಿತ್ತು. "ಬುಧವಾರದಿಂದ" ಎಂದಳು ದೊಡ್ಡವಳು.

"ನಾನು ಊಟ ಬಿಟ್ಟು ಕೂತಿದ್ದು ನೋಡ್ತಾ ಇದ್ರಿ."

"ಹೌದು."

"ಯಾಕೆ? ನಾನು ಏನು ಮಾಡಿದ್ದೆ ನಿಮಗೆ?"

"ಏನೂ ಮಾಡಿಲ್ಲ. ಎಲ್ರೂ ನಿನ್ನನ್ನೇ ಕರೀತಾರೆ. ನೀನು ಬಂದ ಮೇಲೆ ನಾನು ಅಲ್ಲಿದ್ದೀನಿ ಅನ್ನೋದೇ ಯಾರಿಗೂ ಗೊತ್ತಿಲ್ಲ. ಹೊಟ್ಟೆ ಉರೀತು."

ಚಿಕ್ಕವಳು ಸಮಾಧಾನದ ಮಾತಾಡಲಿಲ್ಲ. "ಸಾಹೇಬ್ರಿಗೆ ನಾನು ಹೇಳಲ್ಲ. ಹೇಳೋದಾದ್ರೆ ನೀವೇ ಹೇಳಿ. ಆದ್ರೆ ಇನ್ಮೇಲೆ ಯಾರ ಮುಂದೆಯೂ ನನ್ನನ್ನ ತಂಗಿ ಅಂತ ಕರೀಬೇಡಿ" ಎಂದು ಇಳಿದು ಹೋದಳು. ಆ ದಿನ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಮನೆ ಸೇರಿದರು.

ಸೋಮವಾರ ದೊಡ್ಡವಳು ಮುಖ್ಯಸ್ಥರ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು "ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ" ಎಂದಷ್ಟೇ ಅಂದು, ಎರಡು ತಿಂಗಳು ಅವಳನ್ನು ನಿರ್ವಾಹಕರ ಗುಂಪಿನಿಂದ ತೆಗೆಯಲು ಆದೇಶ ಬರೆದರು. ಜಾರಿ ಮಾಡಬೇಕಾದವಳು ಚಿಕ್ಕವಳು. ಪಕ್ಕದಲ್ಲಿ ದೊಡ್ಡವಳು ನಿಂತಿರುವಾಗಲೇ ಅವಳು ಆ ಹೆಸರನ್ನು 'ಬರೀ ನೋಡುವವರು' ಪಟ್ಟಿಗೆ ಎಳೆದುಹಾಕಿದಳು. ಮುಖದಲ್ಲಿ ಕನಿಕರವೂ ಇರಲಿಲ್ಲ, ಹಿಗ್ಗೂ ಇರಲಿಲ್ಲ.

ಮನೆಯಲ್ಲಿ ಇಬ್ಬರ ಮಾತು ಅತ್ತೆಯ ಮೂಲಕ ನಡೆಯತೊಡಗಿತು. "ಅತ್ತೆ, ಅಕ್ಕನ್ನ ಉಪ್ಪು ಎಲ್ಲಿದೆ ಅಂತ ಕೇಳಿ." "ಅತ್ತೆ, ಕಣ್ಣೆದುರಿಗೇ ಇದೆ ಅಂತ ಹೇಳಿ." ನಾಲ್ಕು ದಿನ ನೋಡಿದ ಅತ್ತೆ, "ನಾನೇನು ನಿಮ್ಮನೆ ಟೆಲಿಫೋನಾ?" ಎಂದು ರೇಗಿ ಹೊರಗೆ ಹೋಗಿ ಕೂತರು. ಏನಾಯಿತೆಂದು ಅವರಿಗೆ ಇಬ್ಬರೂ ಹೇಳಲಿಲ್ಲ.

ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಕೆಂಪು ಚುಕ್ಕೆ ಕಂಡರೂ ಮುಟ್ಟಲಾಗದೆ "ಮೂರನೇ ಮಹಡಿ ನೋಡು" ಎಂದು ಚಿಕ್ಕವಳಿಗೇ ಹೇಳಬೇಕಾದಾಗಲೆಲ್ಲ ಅದು ಚುರ್ ಎನ್ನುತ್ತಿತ್ತು. ಆದರೆ ಈಗ ಅವಳು ತಡಮಾಡದೆ ಹೇಳುತ್ತಿದ್ದಳು. ಹಳೆಯ ಯಂತ್ರದ ಒಂದೊಂದು ಕುಂಟು ಚಾಳಿಯನ್ನೂ ನೆನಪಿಸಿಕೊಂಡು ಹನ್ನೆರಡು ಪುಟ ಬರೆದು ಚಿಕ್ಕವಳ ಮೇಜಿನ ಮೇಲಿಟ್ಟಳು. ಚಿಕ್ಕವಳು ಎಲ್ಲ ಪುಟ ಓದಿ, ನಾಲ್ಕು ಕಡೆ ಪ್ರಶ್ನೆ ಬರೆದು ಹಿಂದಕ್ಕಿಟ್ಟಳು. ದೊಡ್ಡವಳು ಉತ್ತರ ಬರೆದಳು.

ಎರಡು ತಿಂಗಳು ಮುಗಿದ ದಿನ ದೊಡ್ಡವಳ ಖಾತೆಯಲ್ಲಿ ಏನೂ ಬದಲಾಗಲಿಲ್ಲ. ಕೇಳಲು ಸ್ವಾಭಿಮಾನ ಅಡ್ಡ ಬಂತು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ನಿರ್ವಾಹಕರ ಪಟ್ಟಿಯಲ್ಲಿ ಅವಳ ಹೆಸರಿತ್ತು.

"ಆದೇಶ ನಿನ್ನೆಗೇ ಮುಗಿದಿತ್ತಲ್ಲ?" ಎಂದಳು.

ಚಿಕ್ಕವಳು ಪರದೆಯಿಂದ ಕಣ್ಣೆತ್ತದೆ ಹೇಳಿದಳು. "ಗೊತ್ತಿತ್ತು. ಬೇಕಂತಲೇ ಒಂದು ದಿನ ಕಾಯಿಸಿದೆ."

ದೊಡ್ಡವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ತಡೆಯಲಾರದಷ್ಟು ನಗು. ಚಿಕ್ಕವಳ ತುಟಿಯೂ ಒಂದಿಷ್ಟು ಅಲುಗಿತು. ಅಷ್ಟರಲ್ಲಿ ಫೋನು ಬಂತು. ಎತ್ತಿದವಳು ದೊಡ್ಡವಳು, ಆ ಕಡೆಯ ನರ್ಸು ಎಂದಿನಂತೆ, "ನಗುನಗ್ತಾ ಮಾತಾಡ್ತಾರಲ್ಲ, ಅವರಿಲ್ವಾ?" ಎಂದಳು.

"ಇದ್ದಾಳೆ, ಕೊಡ್ತೀನಿ" ಎಂದು ದೊಡ್ಡವಳು ಹಲ್ಲು ಕಚ್ಚಿಕೊಂಡೇ ಫೋನನ್ನು ಚಾಚಿದಳು.