ಮುನಿವೆಂಕಟಪ್ಪ ವಾಪಸ್ ಕಳಿಸಿದ ಕಾಗದ

ಆಗ ನಗರದ ಅಂಚಿನ ಮೂಡಲಪಾಳ್ಯದ ಜನ ಹಾವಿಗೂ ಅಷ್ಟು ಹೆದರುತ್ತಿರಲಿಲ್ಲ, ರಿಜಿಸ್ಟರ್ ಕಾಗದಕ್ಕೆ ಹೆದರುತ್ತಿದ್ದಷ್ಟು. ಸಾವಿರದ ಒಂಬೈನೂರ ಎಪ್ಪತ್ತನಾಲ್ಕನೇ ಇಸವಿಯ ಮಾತು ಇದು. ವಿಜಯನಗರದ ಕಡೆ ಸಾಲು ಮನೆಗಳು ಎದ್ದಿದ್ದವು. ಅಕ್ಕಪಕ್ಕದ ಹೊಲಗಳಲ್ಲಿ ಸರ್ವೆ ಕಲ್ಲು ನೆಡುತ್ತಿದ್ದರು. ಬಡಾವಣೆಗೆ ಜಮೀನು ಬೇಕು ಎನ್ನುವ ನೋಟೀಸು ಬರುತ್ತಿದ್ದುದು ರಿಜಿಸ್ಟರ್ ಅಂಚೆಯಲ್ಲೇ. "ಸೈನ್ ಹಾಕಿದ್ರೆ ತಾನೇ ನಮ್ ಭೂಮಿ ಹೋಗೋದು? ಹಾಕ್ಲೇಬ್ಯಾಡ್ರಿ!" ಎಂದು ಊರವರು ಅರಳಿಕಟ್ಟೆಯ ಮೇಲೆ ಕುಳಿತು ತೀರ್ಮಾನ ಮಾಡಿಬಿಟ್ಟಿದ್ದರು. ಪೋಸ್ಟ್‌ಮ್ಯಾನ್ ಪುರುಷೋತ್ತಮನ ಸೈಕಲ್ ಬೆಲ್ ಕೇಳಿದರೆ ಸಾಕು, ಬಾಗಿಲುಗಳು ದಬದಬ ಮುಚ್ಚಿಕೊಳ್ಳುತ್ತಿದ್ದವು. ಪಾಪ, ಆತ ಹೊತ್ತು ತಂದ ಕಾಗದವನ್ನು ಹೊತ್ತುಕೊಂಡೇ ಹೋಗುತ್ತಿದ್ದ.

ನಮ್ಮ ಮುನಿವೆಂಕಟಪ್ಪ ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಒಂದೂವರೆ ಎಕರೆಯಲ್ಲಿ ಕನಕಾಂಬರ, ಸೊಪ್ಪು ಬೆಳೆದು ಸಂಸಾರ ಸಾಕಿದವನು. ಆ ಮಣ್ಣೆಂದರೆ ಪ್ರಾಣ. ಅದಕ್ಕಿಂತ ಹೆಚ್ಚು ಪ್ರಾಣ ಎಂದರೆ ಮಗಳು ಗಂಗಲಕ್ಷ್ಮಮ್ಮ, ಮನೆಯವರ ಬಾಯಲ್ಲಿ ಗಂಗಿ. ರಾಜಾಜಿನಗರದ ಕಾಲೇಜಿಗೆ ನಡೆದುಕೊಂಡೇ ಹೋಗಿ ಪಿಯುಸಿ ಸೈನ್ಸ್‌ನಲ್ಲಿ ಫಸ್ಟ್ ಕ್ಲಾಸ್ ತಂದ ಹುಡುಗಿ.

ಗಂಗಿಗೆ ಒಂದೇ ಆಸೆ. ವಿಶ್ವವಿದ್ಯಾಲಯದ ಬಿ.ಎಸ್ಸಿ. ನರ್ಸಿಂಗ್ ಓದಬೇಕು. ಅರ್ಜಿ ತಂದುಕೊಟ್ಟವರು ವಿಜಯನಗರದ ಹೆರಿಗೆ ಆಸ್ಪತ್ರೆಯ ಸಿಸ್ಟರ್ ಸತ್ಯವತಿ. ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಮಾಡಿಸಿಕೊಟ್ಟವರೂ ಅವರೇ. ಮೂವತ್ತು ಸೀಟು, ಆರುನೂರು ಅರ್ಜಿ. ಮುನಿವೆಂಕಟಪ್ಪನಿಗೆ ನರ್ಸ್ ಕೆಲಸ ಸುತಾರಾಂ ಇಷ್ಟವಿರಲಿಲ್ಲ. "ಆರುನೂರು ಜನದಲ್ಲಿ ನಮ್ಮ ಹುಡುಗಿಗೆ ಎಲ್ಲಿ ಸಿಕ್ತದೆ, ಹಾಕ್ಕೊಳ್ಲಿ ಬಿಡು" ಎಂದು ಹೆಂಡತಿ ವಿಮಲಮ್ಮನಿಗೆ ಗುಟ್ಟಾಗಿ ಹೇಳಿ ನಿಶ್ಚಿಂತನಾಗಿದ್ದ.

ಒಂದು ಮಂಗಳವಾರ ಮಧ್ಯಾಹ್ನ ತಾಯಿ ಮಗಳು ತೋಟದಲ್ಲಿ ಹೂ ಬಿಡಿಸುತ್ತಿದ್ದರು. ಮುನಿವೆಂಕಟಪ್ಪ ಮುದ್ದೆ ಉಂಡು ಜಗುಲಿಯ ಮೇಲೆ ಕಾಲು ಚಾಚಿದ್ದ. ಪುರುಷೋತ್ತಮ ಬಂದೇಬಿಟ್ಟ. ಬಾಗಿಲು ಮುಚ್ಚಲು ಎದ್ದು ಓಡುವಷ್ಟೂ ಪುರುಸೊತ್ತು ಸಿಗಲಿಲ್ಲ.

"ಮುನಿವೆಂಕಟಪ್ಪಣ್ಣ, ರಿಜಿಸ್ಟರ್ ಇದೆ. ಇಲ್ಲೊಂದು ಸೈನ್ ಹಾಕಿ."

ಕಂದು ಬಣ್ಣದ ಲಕೋಟೆ, ಮೇಲೆ ದುಂಡನೆಯ ಮೊಹರು. ಎದುರು ಮನೆಯ ವೆಂಕಟಸ್ವಾಮಿ ಅಲ್ಲಿಂದಲೇ ಕೂಗಿದ. "ಮುಟ್‌ಬ್ಯಾಡ ಕಣೋ ಮುನಿವೆಂಕಟಪ್ಪ!"

"ಇದು ಲೇಔಟಿನ ನೋಟೀಸ್ ಥರ ಇಲ್ಲ ಕಣಣ್ಣ. ನಿಮ್ಮ ಮಗಳ ಹೆಸರಿಗೆ ಬಂದಿದೆ" ಎಂದ ಪುರುಷೋತ್ತಮ.

ಮುನಿವೆಂಕಟಪ್ಪ ಬಿದ್ದು ಬಿದ್ದು ನಕ್ಕ. "ನೋಡ್ದಾ ವೆಂಕಟಸ್ವಾಮಿ, ಇವರ ಉಪಾಯಾನ? ಅಪ್ಪ ಸೈನ್ ಹಾಕಲ್ಲ ಅಂತ ಈಗ ಮಗಳ ಹೆಸರಿಗೆ ಕಳ್ಸವ್ರೆ! ಬ್ಯಾಡ ಅಂತ ಬರ್ಕೊಂಡು ಹೋಗಪ್ಪ."

ಪುರುಷೋತ್ತಮ ಎರಡು ಸಲ ಹೇಳಿ ನೋಡಿದ. ಆಮೇಲೆ ಲಕೋಟೆಯ ಮೇಲೆ 'ತೆಗೆದುಕೊಳ್ಳಲು ನಿರಾಕರಿಸಿದರು' ಎಂದು ಬರೆದು ಸೈಕಲ್ ಹತ್ತಿದ. ಭೂಮಿ ಉಳಿಸಿದ ಖುಷಿಯಲ್ಲಿ ಮುನಿವೆಂಕಟಪ್ಪ ಎಲೆಅಡಿಕೆ ಹಾಕಿಕೊಂಡ.

ಸಂಜೆ ಐದಕ್ಕೆ, ತಾಯಿ ಮಗಳು ತೋಟದಿಂದ ಬಂದು ಹೂ ಕಟ್ಟುತ್ತಿದ್ದಾಗ, ಸತ್ಯವತಿ ಸಿಸ್ಟರ್ ಬಂದರು. ಅಂಗಳಕ್ಕೆ ಕಾಲಿಡುವ ಮೊದಲೇ ಕೇಳಿದರು. "ಗಂಗಾ, ಇಂಟರ್‌ವ್ಯೂ ಲೆಟರ್ ಬಂತೇನೇ? ಬಸವೇಶ್ವರನಗರದ ಒಬ್ಬ ಹುಡುಗಿಗೆ ನಿನ್ನೆ ರಿಜಿಸ್ಟರ್ ಪೋಸ್ಟಲ್ಲಿ ಬಂದಿದೆಯಂತೆ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ!"

ಮುನಿವೆಂಕಟಪ್ಪನ ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತಿತು. "ಕಂದು ಲಕೋಟೇನಾ ಸಿಸ್ಟ್ರಮ್ಮ?" ಎಂದ ಮೆಲ್ಲಗೆ.

"ಹೌದು. ಯಾಕೆ?"

ಅವನು ಹೇಳಿದ. ಹೇಳದೆ ಏನು ಮಾಡುತ್ತಾನೆ? ವಿಮಲಮ್ಮ ತಲೆಯ ಮೇಲೆ ಕೈ ಹೊತ್ತು ಕುಳಿತಳು. "ಅಯ್ಯೋ, ನಿಮ್ಮ ಬುದ್ಧಿಗಿಷ್ಟು! ಹೆಣ್ಣುಮಗು ಎರಡು ವರ್ಷ ಒಲೆ ಮುಂದೆ ಕೂತು ಓದೈತಲ್ಲ!" ಗಂಗಿ ಮಾತ್ರ ಅಳಲಿಲ್ಲ, ಕೂಗಾಡಲೂ ಇಲ್ಲ. ಮಡಿಲಲ್ಲಿದ್ದ ಹೂ ನೆಲಕ್ಕೆ ಚೆಲ್ಲಿದ್ದೂ ಅವಳಿಗೆ ತಿಳಿಯಲಿಲ್ಲ. ಅದನ್ನು ನೋಡಿ ಮುನಿವೆಂಕಟಪ್ಪನ ಕರುಳು ಚುರ್ ಎಂದಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಹೋಗ್ಲಿ ಬಿಡು ಮಗಾ. ಒಳ್ಳೇದೇ ಆಯ್ತು ಅನ್ಕೊ. ನರ್ಸ್ ಅಂದ್ರೆ ರಾತ್ರಿ ಡ್ಯೂಟಿ, ಕಂಡ ಕಂಡ ಗಂಡಸರ ಗಾಯ ತೊಳೆಯೋದು. ನಾಳೆ ನಿನ್ನ ಯಾರು ಕಟ್ಕೊಂತಾರೆ?"

ಸತ್ಯವತಿ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಹೋದ ವರ್ಷ ಗುದ್ದಲಿ ಏಟಿಗೆ ನಿಮ್ಮ ಕಾಲು ಕೀವು ಕಟ್ಟಿತ್ತಲ್ಲ ಮುನಿವೆಂಕಟಪ್ಪನೋರೇ? ದೊಡ್ಡಾಸ್ಪತ್ರೆಯಲ್ಲಿ ದಿನಾ ತೊಳೆದವರು ಯಾರು?"

"ಒಬ್ಬ ಸಿಸ್ಟ್ರಮ್ಮ. ಮಹಾತಾಯಿ. ಆಯಮ್ಮ ಇಲ್ದೇ ಇದ್ದಿದ್ರೆ ಈ ಕಾಲೇ ಇರ್ತಿರ್ಲಿಲ್ಲ."

"ಆಗ ಮಹಾತಾಯಿ, ಈಗ ಯಾರು ಕಟ್ಕೊಂತಾರೆ? ಅವರೂ ಒಬ್ಬ ಅಪ್ಪನ ಮಗಳೇ ಅಲ್ವಾ? ಇದು ನಾಲ್ಕು ವರ್ಷದ ಡಿಗ್ರಿ ಓದು. ಹುಡುಗೀರ ಹಾಸ್ಟೆಲ್ ಇದೆ, ಮೇಲೆ ವಾರ್ಡನ್ ಇರ್ತಾರೆ. ಓದು ಮುಗಿದ ಮೇಲೆ ನಿಮ್ಮ ಮಗಳು ಬೇರೆಯವರಿಗೆ ಪಾಠವನ್ನೂ ಹೇಳಬಹುದು. ನನಗೂ ಮದುವೆ ಆಗಿ ಎರಡು ಮಕ್ಕಳಿದಾವೆ, ನೋಡಿಲ್ವಾ ನೀವು?"

ಮುನಿವೆಂಕಟಪ್ಪ ತನ್ನ ಕಾಲನ್ನು ನೋಡಿಕೊಂಡ. ಆಮೇಲೆ ತಲೆಯೆತ್ತಿ ಕೇಳಿದ. "ಈಗೇನ್ ಮಾಡೋದು ತಾಯಿ?"

"ಕಾಗದ ವಾಪಸ್ ಹೋಯ್ತು ಅಷ್ಟೆ, ಹೆಸರು ಎಲ್ಲಿಗೂ ಹೋಗಿಲ್ಲ. ಗಂಗಾ, ಏಳು! ಅಂಕಪಟ್ಟಿ, ಟಿ.ಸಿ., ಅರ್ಜಿ ಕಳಿಸಿದ ರಸೀದಿ, ಎಲ್ಲಾ ಒಂದು ಚೀಲಕ್ಕೆ ಹಾಕು. ನಾಳೆ ಬೆಳಿಗ್ಗೆ ನರ್ಸಿಂಗ್ ಕಾಲೇಜ್ ಆಫೀಸಿಗೆ ಹೋಗೋಣ. ಬೇಡ ಅಂದವರು ನೀವು, ನೀವೂ ಬನ್ನಿ!"

ಬುಧವಾರ ಬೆಳಿಗ್ಗೆ ಮಾಗಡಿ ರಸ್ತೆಯಲ್ಲಿ ಮೂವರೂ ಬಿಟಿಎಸ್ ಬಸ್ ಹಿಡಿದರು. ಬಸ್ಸು ಪ್ರತಿ ಸ್ಟಾಪಿನಲ್ಲಿ ನಿಂತಾಗಲೂ ಮುನಿವೆಂಕಟಪ್ಪನ ಜೀವ ಬಾಯಿಗೆ ಬರುತ್ತಿತ್ತು. ಕಾಲೇಜು ತಲುಪಿದ್ದೇ ತಡ, ಗಂಗಿ ನೋಟೀಸ್ ಬೋರ್ಡಿನ ಕಡೆ ಓಡಿದಳು. ಟೈಪ್ ಮಾಡಿದ ಉದ್ದನೆಯ ಪಟ್ಟಿ. ಬೆರಳು ಕೆಳಕ್ಕೆ ಇಳಿಯಿತು, ಇನ್ನೂ ಕೆಳಕ್ಕೆ ಇಳಿಯಿತು.

"ಅಪ್ಪಾ! ಐತೆ! ನಲವತ್ತೇಳನೇ ನಂಬರು! ನಂದೇ ಹೆಸರು!"

ಆರುನೂರು ಜನರಲ್ಲಿ ಇಂಟರ್‌ವ್ಯೂಗೆ ಕರೆದದ್ದು ತೊಂಬತ್ತು ಜನರನ್ನು. ಅದರಲ್ಲಿ ತನ್ನ ಮಗಳು! ನಿನ್ನೆಯವರೆಗೆ ಸೀಟು ಸಿಗದಿರಲಿ ಎಂದಿದ್ದ ಮನುಷ್ಯ ಆ ಗಳಿಗೆಯಲ್ಲಿ ಮನೆದೇವರಿಗೆ ಹರಕೆ ಹೊತ್ತ.

ಒಳಗೆ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. "ಕರೆದ ಕಾಗದ ಇಲ್ದೆ ನಾಳೆ ಒಳಗೆ ಬಿಡಲ್ಲ. ನಕಲು ಕೊಡ್ತೀನಿ, ಆದ್ರೆ ಯಾಕೆ ಬೇಕಾಯ್ತು ಅಂತ ಬರೆದು ತಂದೆಯವರು ಸಹಿ ಹಾಕ್ಬೇಕು."

ಸಹಿ! ಅದೂ ಸರ್ಕಾರಿ ಮೇಜಿನ ಮೇಲೆ! ಅರಳಿಕಟ್ಟೆಯ ತೀರ್ಮಾನ ಕಣ್ಣ ಮುಂದೆ ಬಂತು. ಪೆನ್ನು ಕೈಗೆ ತೆಗೆದುಕೊಂಡ. ಮಗಳ ಕಡೆ ನೋಡಿದ. ಅವಳು ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

"ಕಾಗದ ಬೇಡ ಎಂದವನು ನಾನು. ನನ್ನ ಮಗಳದು ಏನೂ ತಪ್ಪಿಲ್ಲ" ಎಂದು ಬರೆದ. ಒಂದೊಂದೇ ಅಕ್ಷರ ಕೂಡಿಸಿ ಕೆಳಗೆ ಸಹಿ ಹಾಕಿದ. ಭೂಮಿ ಎಲ್ಲೂ ಹೋಗಲಿಲ್ಲ. ಗುಮಾಸ್ತರು ನಕಲಿನ ಮೇಲೆ ಮೊಹರು ಒತ್ತಿ ಗಂಗಿಯ ಕೈಗೆ ಕೊಟ್ಟರು.

ಗುರುವಾರ ಗಂಗಿ ಇಂಟರ್‌ವ್ಯೂ ಕೋಣೆಯಿಂದ ಹೊರಬಂದಾಗ ಮುಖ ಕೆಂಪಗಾಗಿತ್ತು. "ಏನ್ ಕೇಳಿದ್ರು ಮಗಾ?" ಎಂದು ಅಪ್ಪ ಹಿಂದೆಯೇ ಬಿದ್ದ.

"ರೋಗಿ ಔಷಧಿ ಬೇಡ ಅಂತ ಹಟ ಮಾಡಿದ್ರೆ ಏನ್ ಮಾಡ್ತೀಯ ಅಂದ್ರು. ಬಯ್ಯಲ್ಲ, ಪಕ್ಕದಲ್ಲಿ ಕೂತು ಏನು ಭಯ ಅಂತ ಕೇಳ್ತೀನಿ ಅಂದೆ. ನಮ್ಮಪ್ಪ ಮೊನ್ನೆ ನನ್ನ ಕಾಗದಾನೇ ಬೇಡ ಅಂದ್ರು, ಅದು ಹಟ ಅಲ್ಲ, ಭೂಮಿ ಹೋಗುತ್ತೆ ಅನ್ನೋ ಭಯ. ಬಿಡಿಸಿ ಹೇಳಿದ ಮೇಲೆ ಅವರೇ ಬಂದು ಸೈನ್ ಹಾಕಿದ್ರು ಅಂದೆ. ನಿನ್ನ ಹೆಸರೂ ಹೇಳ್ದೆ ಅಪ್ಪಾ."

"ಅಷ್ಟು ದೊಡ್ಡೋರ ಮುಂದೆ ನನ್ನ ಹೆಸರಾ?" ಮುನಿವೆಂಕಟಪ್ಪ ನಾಚಿಕೆಯಿಂದ ಟವಲು ಕೊಡವಿದ. ಕಣ್ಣು ಒರೆಸಿಕೊಳ್ಳುವುದಕ್ಕೂ ಅದೇ ಟವಲು ಬೇಕಾಯಿತು.

ಆಮೇಲಿನ ಹದಿನೈದು ದಿನ ಅವನು ಪೋಸ್ಟ್‌ಮ್ಯಾನ್ ದಾರಿ ಕಾದದ್ದನ್ನು ನೋಡಿ ಊರೇ ನಕ್ಕಿತು. ಹದಿನಾರನೇ ದಿನ ಸೈಕಲ್ ಬೆಲ್ ಕೇಳಿಸಿತು. ಎಂದಿನಂತೆ ಬಾಗಿಲುಗಳು ದಬದಬ ಮುಚ್ಚಿಕೊಂಡವು, ಒಂದು ಬಾಗಿಲು ಬಿಟ್ಟು.

"ರಿಜಿಸ್ಟರ್! ಕಂದು ಲಕೋಟೆ!" ಎಂದು ಪುರುಷೋತ್ತಮ ದೂರದಿಂದಲೇ ಕೂಗಿದ. ಮುನಿವೆಂಕಟಪ್ಪ ಬರಿಗಾಲಲ್ಲಿ ಬೀದಿಗೆ ಓಡಿದ.

"ಸೈನ್ ಹಾಕ್‌ಬ್ಯಾಡ ಕಣೋ!" ಕಿಟಕಿಯಿಂದ ವೆಂಕಟಸ್ವಾಮಿ.

"ನಾನ್ಯಾಕೆ ಹಾಕ್ಲಿ?" ಎಂದ ಮುನಿವೆಂಕಟಪ್ಪ ಊರಿಗೆಲ್ಲ ಕೇಳುವ ಹಾಗೆ. "ಹೆಸರು ನನ್ನ ಮಗಳದು. ಸೈನೂ ಅವಳದೇ! ಗಂಗೀ, ಬಾರವ್ವ!"

ಗಂಗಿ ಜಗುಲಿಯ ಮೇಲೆ ಕುಳಿತು ದುಂಡಗೆ ಸಹಿ ಹಾಕಿದಳು. ಲಕೋಟೆ ಒಡೆದು ಓದಿದಳು. ಸೀಟು ಸಿಕ್ಕಿತ್ತು! ವಿಮಲಮ್ಮ ಬೆಲ್ಲದ ಡಬ್ಬಿಯನ್ನೇ ತಂದು ಬೀದಿಯಲ್ಲಿ ಹಂಚಿದಳು. ಗದ್ದಲ ಕೇಳಿ ಒಂದೊಂದೇ ಬಾಗಿಲು ತೆರೆಯಿತು. ಕೊನೆಗೆ ವೆಂಕಟಸ್ವಾಮಿಯೂ ತಲೆ ಕೆರೆದುಕೊಳ್ಳುತ್ತಾ ಬಂದ. "ಪುರುಷೋತ್ತಮ, ನಂದೂ ಏನಾರ ಇದ್ರೆ ಕೊಟ್ಬಿಡಪ್ಪ. ಗಂಗವ್ವ ಓದಿ ಹೇಳ್ತಾಳೆ" ಎಂದ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಪಿಯುಸಿ ಸೈನ್ಸ್ ಮುಗಿಸಿದ ಮಗಳಿದ್ದಾಳೆಯೇ? ಸೀಟು ಎಲ್ಲಿ ಸಿಗುತ್ತದೆ ಎಂದು ನೀವೇ ಮೊದಲು ಕೈಬಿಡಬೇಡಿ. ಹತ್ತಿರದ ಆಸ್ಪತ್ರೆಯ ಸಿಸ್ಟರನ್ನು ಕೇಳಿ, ಅರ್ಜಿ ತನ್ನಿ, ಕಡೆಯ ದಿನಕ್ಕೆ ಮೊದಲೇ ಕಳಿಸಿ, ರಸೀದಿ ಜೋಪಾನ ಮಾಡಿ. ಕಳಿಸಿದ ಮೇಲೆ ಕಾಲೇಜಿನ ನೋಟೀಸ್ ಬೋರ್ಡನ್ನು ಒಮ್ಮೆ ನೋಡಿಕೊಂಡು ಬನ್ನಿ. ಯಾವ ಕಾಗದ ಬಂದರೂ ತೆಗೆದುಕೊಳ್ಳಿ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ. ನಾಳೆ ನಿಮ್ಮ ಓಣಿಯಲ್ಲಿ ಸೈಕಲ್ ಬೆಲ್ ಕೇಳಿದರೆ ಬಾಗಿಲು ತೆರೆದಿಡಿ, ಮಗಳ ಕೈಗೆ ಪೆನ್ನು ಕೊಡಿ.